ಬೋರಿಕ್ ಪುಡಿ ಹಾಕಿ ಐದು ದಿನವಾಯಿತು, ಜಿರಳೆಗಳು ಇನ್ನೂ ಓಡಾಡುತ್ತಿವೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ

ಹೊಸಮನೆ_ತಾಯಿ
ಎರಡು ತಿಂಗಳ ಹಿಂದೆ ಬಾಡಿಗೆ ಮನೆ ಬದಲಾಯಿಸಿದೆವು. ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯ ದೀಪ ಹಾಕಿದರೆ ಸಾಕು, ಸಿಂಕಿನ ಸುತ್ತ ಹತ್ತು ಹನ್ನೆರಡು ಜಿರಳೆಗಳು ದಿಕ್ಕಾಪಾಲಾಗಿ ಓಡುತ್ತವೆ. ಚಿಕ್ಕ ಜಾತಿ, ತಿಳಿ ಕಂದು ಬಣ್ಣ, ಕತ್ತಿನ ಮೇಲೆ ಎರಡು ಕಪ್ಪು ಗೆರೆಗಳಿವೆ. ಸ್ಪ್ರೇ ಎರಡು ಬಾರಿ ಹೊಡೆದೆ. ಒಂದು ವಾರ ಕಡಿಮೆಯಾದಂತೆ ಕಂಡು ಮತ್ತೆ ಬಂದವು. ಆಮೇಲೆ ಪರಿಚಯದವರೊಬ್ಬರು ಬೋರಿಕ್ ಪುಡಿ ಹಾಕಲು ಹೇಳಿದರು. ಗೋಡೆಯ ಬುಡಕ್ಕೆ, ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ ದಪ್ಪಗೆ ಗೆರೆ ಎಳೆದಂತೆ ಸುರಿದಿದ್ದೇನೆ. ಐದು ದಿನವಾಯಿತು, ಒಂದೂ ಸತ್ತಿಲ್ಲ. ಪುಡಿಯ ಪಕ್ಕದಲ್ಲೇ ಸುತ್ತಿ ಹೋಗುವುದನ್ನು ಕಣ್ಣಾರೆ ನೋಡಿದೆ.

ನನ್ನ ಚಿಂತೆ ಎರಡು. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ಮಗಳಿಗೆ ಒಂಬತ್ತು ತಿಂಗಳು. ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. "ಕಣ್ಣು ತೊಳೆಯಲು ಬಳಸುವ ಪುಡಿ, ಏನೂ ಆಗುವುದಿಲ್ಲ" ಎಂದು ಮನೆಯವರು ಹೇಳುತ್ತಾರೆ. ಅತ್ತೆಯವರು ಮೊದಲು ಅದನ್ನು ಎತ್ತಿ ಬಿಸಾಡು ಎನ್ನುತ್ತಾರೆ. ಯಾರ ಮಾತು ಸರಿ?

ನೇರನುಡಿ
ನಿಮ್ಮ ಅತ್ತೆಯವರ ಮಾತು ಸರಿ. ಐದು ದಿನದಲ್ಲಿ ಒಂದು ಜಿರಳೆಯನ್ನೂ ಕೊಲ್ಲದ ಔಷಧ ಯಾಕೆ ಬೇಕು? ಒಳ್ಳೆಯ ಸ್ಪ್ರೇ ತಂದು ಸಂದುಗಳಿಗೆ ಹೊಡೆಯಿರಿ. ಕಣ್ಣೆದುರೇ ಮಗುಚಿ ಬೀಳುತ್ತವೆ.

ಸಂದುಗೊಂದು
ಪುಡಿಯದು ತಪ್ಪಿಲ್ಲ, ಹಾಕಿದ ರೀತಿ ತಪ್ಪಾಗಿದೆ. ನಾನು ಮೊದಲ ಸಲ ಮಾಡಿದ್ದೂ ಇದನ್ನೇ. ದಪ್ಪಗೆ ಸುರಿದರೆ ಜಿರಳೆ ಅದರ ಮೇಲೆ ಕಾಲಿಡುವುದಿಲ್ಲ, ಬಳಸಿ ಹೋಗುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಧೂಳಿನಂತೆ ಕೂರಬೇಕು. ಬೆರಳಿನಲ್ಲಿ ಒರೆಸಿದರೆ ಮಾತ್ರ ಬಿಳಿ ಅಂಟಬೇಕು, ಅಷ್ಟೇ.

ಅದು ಕೊಲ್ಲುವ ಬಗೆ ಹೀಗೆ. ಜಿರಳೆ ಆ ತೆಳು ಪದರದ ಮೇಲೆ ನಡೆದಾಗ ಕಾಲಿಗೂ ಕುಡಿಮೀಸೆಗೂ ಪುಡಿ ಮೆತ್ತಿಕೊಳ್ಳುತ್ತದೆ. ಜಿರಳೆ ಕೊಳಕು ಪ್ರಾಣಿ ಎಂದು ನಾವು ಬಯ್ಯುತ್ತೇವೆ, ಆದರೆ ಅದು ತನ್ನ ಮೈಯನ್ನು ದಿನವಿಡೀ ಶುಚಿ ಮಾಡಿಕೊಳ್ಳುತ್ತಲೇ ಇರುತ್ತದೆ. ಮೀಸೆಯನ್ನು ಬಾಯಿಗೆ ಎಳೆದುಕೊಂಡು ಚೀಪುತ್ತದೆ, ಕಾಲನ್ನು ನೆಕ್ಕುತ್ತದೆ. ಹೀಗೆ ಪುಡಿ ಹೊಟ್ಟೆ ಸೇರಿ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಸಾಯಲು ಮೂರು ದಿನದಿಂದ ಹತ್ತು ದಿನ ಬೇಕು. ಸತ್ತದ್ದು ನಿಮ್ಮ ಕಣ್ಣಿಗೆ ಬೀಳಲೇಬೇಕೆಂದಿಲ್ಲ, ಹೆಚ್ಚಿನವು ಅಡಗಿದ ಸಂದಿನೊಳಗೇ ಸಾಯುತ್ತವೆ.

ಪುಡಿ ಒಣಗಿರಬೇಕು. ಸಿಂಕಿನ ಕೆಳಗೆ ನೀರು ಸೋರುತ್ತಿದ್ದರೆ ಗಟ್ಟಿ ಹೆಪ್ಪಾಗಿ ಕೆಲಸಕ್ಕೆ ಬರುವುದಿಲ್ಲ. ಒಣಗಿದ್ದರೆ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ, ಏಕೆಂದರೆ ಅದು ಆವಿಯಾಗುವುದೂ ಇಲ್ಲ, ಕೊಳೆಯುವುದೂ ಇಲ್ಲ. ಹಳೆಯದನ್ನು ತೆಗೆದು ಮತ್ತೆ ತೆಳುವಾಗಿ ಹಾಕಿ, ಎರಡು ವಾರ ಕಾಯಿರಿ.

ನೇರನುಡಿ
ಎರಡು ವಾರದಲ್ಲಿ ಅವು ಮರಿ ಹಾಕಿ ಸಂಸಾರ ದ್ವಿಗುಣವಾಗಿರುತ್ತದೆ. ಕಾಯಲು ಹೇಳುವುದು ಸುಲಭ.

ಕೀಟಲೋಕ
ನೇರನುಡಿ ಅವರೇ, ಒಂದು ನಿಮಿಷ. ಈ ವಿಷಯವನ್ನೇ ಓದುತ್ತಿರುವವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ತಾಯಿಯವರು ಹೇಳಿದ ಗುರುತು, ಕತ್ತಿನ ಮೇಲೆ ಎರಡು ಕಪ್ಪು ಗೆರೆ, ಜರ್ಮನ್ ಜಿರಳೆಯದು. ಮನೆಯೊಳಗೆ ಅತಿ ಬೇಗ ಹೆಚ್ಚುವ ಜಾತಿ. ಹೆಣ್ಣು ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳನ್ನು ಹೊತ್ತು, ಮರಿ ಹೊರಬರುವ ಹೊತ್ತಿನವರೆಗೂ ಅದನ್ನು ಮೈಗೆ ಅಂಟಿಸಿಕೊಂಡೇ ತಿರುಗುತ್ತದೆ. ಅಂತಹ ಹೆಣ್ಣು ಹೊರಗೆ ಬರುವುದು ಕಡಿಮೆ, ಸಂದಿನಲ್ಲೇ ಕೂತಿರುತ್ತದೆ. ನೀವು ಸ್ಪ್ರೇ ಹೊಡೆದಾಗ ಮಗುಚಿ ಬೀಳುವುದು ಹೊರಗೆ ಸುತ್ತುತ್ತಿದ್ದ ಕೆಲವು ಮಾತ್ರ. ಅಂಗಡಿಯ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ವರ್ಗದ ಕೀಟನಾಶಕ, ಅವುಗಳಲ್ಲಿ ಅನೇಕಕ್ಕೆ ಜಿರಳೆಯನ್ನು ದೂರ ಓಡಿಸುವ ಗುಣವಿದೆ. ಸತ್ತದ್ದಕ್ಕಿಂತ ಚದುರಿ ಪಕ್ಕದ ಕೋಣೆ ಸೇರಿದ್ದು ಹೆಚ್ಚು ಎಂಬಂತಾಗುತ್ತದೆ. ಅದರ ಮೇಲೆ ಈ ಜಾತಿಯಲ್ಲಿ ಆ ಔಷಧಗಳಿಗೆ ಪ್ರತಿರೋಧವೂ ಬಹಳ ಕಡೆ ಬೆಳೆದಿದೆ. ಒಂದು ವಾರ ಕಡಿಮೆಯಾಗಿ ಮತ್ತೆ ಬಂದವು ಎಂದು ಅವರು ಬರೆದದ್ದರ ಅರ್ಥ ಇದೇ.

ನಿಧಾನ ವಿಷವನ್ನು ನಿಧಾನವಾಗಿ ಕೊಲ್ಲಲೆಂದೇ ಹಾಗೆ ತಯಾರಿಸಿರುತ್ತಾರೆ. ತಿಂದ ತಕ್ಷಣ ಸತ್ತರೆ ಜಿರಳೆ ಅಲ್ಲಿಯೇ ಬೀಳುತ್ತದೆ, ಕಥೆ ಮುಗಿಯಿತು. ಒಂದೆರಡು ದಿನ ಬದುಕಿದರೆ ಗೂಡಿಗೆ ಮರಳುತ್ತದೆ, ಅಲ್ಲಿ ಹಿಕ್ಕೆ ಹಾಕುತ್ತದೆ, ಅಲ್ಲೇ ಸಾಯುತ್ತದೆ. ಜರ್ಮನ್ ಜಿರಳೆಯ ಎಳೆಮರಿಗಳು ಹೊರಗೆ ಹೆಚ್ಚು ಸುತ್ತದೆ ದೊಡ್ಡವುಗಳ ಹಿಕ್ಕೆಯನ್ನೇ ತಿನ್ನುತ್ತವೆ. ಸತ್ತವುಗಳ ದೇಹವನ್ನೂ ಬಿಡುವುದಿಲ್ಲ. ಜಿರಳೆ ತಿನ್ನಲೆಂದು ಚುಕ್ಕೆಯಾಗಿ ಹಚ್ಚುವ ವಿಷ ಬೆರೆಸಿದ ಆಮಿಷಕ್ಕೆ ಜೆಲ್ ಎನ್ನುತ್ತಾರೆ. ಹೈಡ್ರಾಮೆಥಿಲ್ನಾನ್, ಫಿಪ್ರೊನಿಲ್, ಇಂಡಾಕ್ಸಾಕಾರ್ಬ್ ಎಂಬ ಕೀಟನಾಶಕಗಳಿರುವ ಜೆಲ್‌ಗಳಲ್ಲಿ ಈ ಎರಡನೆಯ ಸುತ್ತಿನ ಸಾವು ಚೆನ್ನಾಗಿ ಕಂಡುಬಂದಿದೆ. ಆಮಿಷವನ್ನು ಮುಟ್ಟದ ಮರಿಯೂ ಹೀಗೆ ಸಾಯುತ್ತದೆ. ಯಾವ ಸ್ಪ್ರೇಯೂ ತಲುಪದ ಜಾಗಕ್ಕೆ ವಿಷವನ್ನು ಜಿರಳೆಯೇ ಹೊತ್ತುಕೊಂಡು ಹೋಗುತ್ತದೆ.

ಮೊಟ್ಟೆಚೀಲದ ಒಳಗಿರುವುದಕ್ಕೆ ಬೋರಿಕ್ ಪುಡಿ ತಾಗುವುದಿಲ್ಲ, ಅದು ನಿಜ. ಆದರೆ ಮರಿಗಳು ಹೊರಬಂದಾಗ ಪುಡಿ ಅಲ್ಲಿಯೇ ಇರುತ್ತದೆ. ಸ್ಪ್ರೇಯ ಕಸುವು ಅಷ್ಟು ಹೊತ್ತಿಗೆ ಇಳಿದಿರುತ್ತದೆ.

ಹಸಿರುದಾರಿ
ಇಷ್ಟೆಲ್ಲ ರಾಸಾಯನಿಕಗಳ ಹೆಸರು ಕೇಳಿ ಭಯವಾಗುತ್ತದೆ. ತಾಯಿಯವರೇ, ಬೋರಿಕ್ ಪುಡಿಯಲ್ಲಿ ಹೆದರುವಂಥದ್ದು ಏನೂ ಇಲ್ಲ. ಅದು ಭೂಮಿಯಿಂದ ಬರುವ ಖನಿಜ. ಅದರಲ್ಲಿರುವ ಬೋರಾನ್ ಎಂಬ ಧಾತು ನಾವು ತಿನ್ನುವ ಹಣ್ಣು ತರಕಾರಿಗಳಲ್ಲೂ ಇದೆ. ಇಲಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಅದರ ವಿಷದ ಮಟ್ಟ ಅಡುಗೆ ಉಪ್ಪಿನ ಹತ್ತಿರಕ್ಕೇ ಬರುತ್ತದೆ. ನಿಸರ್ಗದ ವಸ್ತುವನ್ನು ಬಿಟ್ಟು ಜೆಲ್ ಹಚ್ಚಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಮಕ್ಕಳ_ವಾರ್ಡು
ಹಸಿರುದಾರಿ ಅವರೇ, ಒಂಬತ್ತು ತಿಂಗಳ ಮಗುವಿರುವ ಮನೆಗೆ ಈ ಮಾತು ಹೇಳಬೇಡಿ, ಕೈಮುಗಿದು ಕೇಳುತ್ತೇನೆ. ಹಾವಿನ ವಿಷವೂ ನಿಸರ್ಗದ್ದೇ.

ಉಪ್ಪಿನ ಹೋಲಿಕೆ ಬಂದಿರುವುದು ಬೆಳೆದ ಇಲಿಗೆ ಒಂದೇ ಸಲ ಕೊಟ್ಟ ಮಾರಕ ಪ್ರಮಾಣದಿಂದ. ಮಗುವಿನ ಪ್ರಶ್ನೆಯೇ ಬೇರೆ. ಬೋರಿಕ್ ಪುಡಿ ಎಂದರೆ ಬೋರಿಕ್ ಆಮ್ಲ, ಅದು ಹೊಟ್ಟೆಗೆ ಹೋದರೆ ಬಹುಪಾಲು ರಕ್ತಕ್ಕೆ ಸೇರುತ್ತದೆ. ದೇಹ ಅದನ್ನು ಒಡೆಯಲಾರದು, ಇದ್ದ ಹಾಗೆಯೇ ಮೂತ್ರದಲ್ಲಿ ಹೊರಹಾಕಬೇಕು. ಅಂದರೆ ಎಲ್ಲ ಭಾರವೂ ಮೂತ್ರಪಿಂಡದ ಮೇಲೆ. ಶಿಶುವಿನ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೋದರೆ ಹೊರಹೋಗುವುದಕ್ಕಿಂತ ಒಳಬರುವುದು ಹೆಚ್ಚಾಗುತ್ತದೆ. ಹಿಂದೆ ಹಾಲ್ಗಲ್ಲದ ಮಕ್ಕಳಿಗೆ ಚೀಪುವ ನಿಪ್ಪಲ್ಲಿಗೆ ಜೇನು ಬೆರೆಸಿದ ಬಿಳಿಗಾರ (ಬೋರಾಕ್ಸ್, ಬೋರಿಕ್‌ನ ಬಳಗದ್ದೇ ಬೋರಾನ್ ಇರುವ ಲವಣ) ಸವರಿ ಕೊಡುತ್ತಿದ್ದರು. ವಾರಗಟ್ಟಲೆ ಹಾಗೆ ಚೀಪಿದ ಮಕ್ಕಳಿಗೆ ಸೆಳೆತ ಬಂದದ್ದು, ಅದನ್ನು ನಿಲ್ಲಿಸಿದ ಮೇಲೆ ಸೆಳೆತವೂ ನಿಂತದ್ದು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಹೆಚ್ಚು ಪ್ರಮಾಣ ಹೋದರೆ ವಾಂತಿ, ನೀಲಿ ಹಸಿರು ಬಣ್ಣದ ಭೇದಿ, ಮೈಯೆಲ್ಲ ಸುಟ್ಟಂತೆ ಕೆಂಪಾಗಿ ಆಮೇಲೆ ಚರ್ಮ ಸುಲಿಯುವುದು, ಮಂಪರು, ಸೆಳೆತ, ಮೂತ್ರ ಕಡಿಮೆಯಾಗುವುದು. ಸಾಮಾನ್ಯ ವಿಷಗಳಿಗೆ ಕೊಡುವ ಇದ್ದಿಲ ಪುಡಿ ಬೋರಿಕ್ ಆಮ್ಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಇದಕ್ಕೆಂದೇ ಪ್ರತಿವಿಷವೂ ಇಲ್ಲ.

ಬೆರಳಿಗೆ ಅಂಟಿದ ಒಂದು ಚಿಟಿಕೆಯನ್ನು ಮಗು ಒಮ್ಮೆ ನೆಕ್ಕಿದರೆ ಸಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅಷ್ಟಕ್ಕೆ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಗೋಡೆಯ ಬುಡದ ಉದ್ದಕ್ಕೂ ದಪ್ಪಗೆ ಸುರಿದಿದ್ದೇನೆ ಎಂದು ಅವರು ಬರೆದಿದ್ದಾರಲ್ಲ, ಅದು ನನ್ನನ್ನು ಹೆದರಿಸಿತು. ಅಂಬೆಗಾಲಿಡುವ ಮಗುವಿನ ಅಂಗೈ ಇಡೀ ದಿನ ಇರುವುದು ಅಲ್ಲೇ.

ಹಸಿರುದಾರಿ
ವಿಷವೋ ಅಲ್ಲವೋ ಎಂಬುದು ಪ್ರಮಾಣದ ಮೇಲೆ ನಿಂತಿದೆ ಎಂದು ನೀವೇ ಒಪ್ಪಿದಿರಿ. ಹಾಗಿದ್ದರೆ ಜೆಲ್ ಯಾಕೆ ಸುರಕ್ಷಿತ? ಅದರಲ್ಲಿರುವುದು ಇನ್ನೂ ಉಗ್ರ ವಿಷವಲ್ಲವೇ?

ಕೀಟಲೋಕ
ಒಳ್ಳೆಯ ಪ್ರಶ್ನೆ. ಗ್ರಾಂ ಲೆಕ್ಕದಲ್ಲಿ ನೋಡಿದರೆ ಫಿಪ್ರೊನಿಲ್ ಬೋರಿಕ್ ಆಮ್ಲಕ್ಕಿಂತ ಎಷ್ಟೋ ಪಟ್ಟು ಉಗ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಿರಳೆ ಜೆಲ್‌ನಲ್ಲಿ ಅದು ಶೇ 0.05 ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಇಡುವುದು ಬೆಂಕಿಕಡ್ಡಿಯ ತಲೆಯಷ್ಟು ಚುಕ್ಕೆಗಳು, ಅದೂ ಕಪಾಟಿನ ಕೀಲಿನ ಹಿಂದೆ, ಬಿರುಕಿನ ಒಳಗೆ. ಬೋರಿಕ್ ಪುಡಿ ಹೆಚ್ಚುಕಡಿಮೆ ಶೇ 100 ಆ ವಸ್ತುವೇ, ಮುಷ್ಟಿಗಟ್ಟಲೆ ನೆಲದ ಮೇಲೆ. ಎಷ್ಟು ಉಗ್ರ ಎನ್ನುವುದರ ಜೊತೆಗೆ ಎಷ್ಟು ಇದೆ, ಮಗುವಿನ ಕೈಗೆ ಎಟಕುತ್ತದೆಯೇ ಎಂಬ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೆಲ್ ಕೂಡ ಎಟಕುವ ಜಾಗದಲ್ಲಿ ಹಚ್ಚಿದರೆ ಅಪಾಯವೇ.

ಔಷಧ_ಲೆಕ್ಕ
ಮನೆಯವರು ಹೇಳಿದ ಕಣ್ಣು ತೊಳೆಯುವ ಮಾತಿನ ಬಗ್ಗೆ. ಆ ದ್ರಾವಣದಲ್ಲಿ ಬೋರಿಕ್ ಆಮ್ಲ ಬಹಳ ತೆಳುವಾಗಿರುತ್ತದೆ, ಕುಡಿಯುವುದಕ್ಕೂ ಅಲ್ಲ. ಒಂದು ಕಾಲದಲ್ಲಿ ಇದನ್ನು ನಂಜುನಿವಾರಕವೆಂದು ಗಾಯಕ್ಕೆ, ಮಕ್ಕಳ ತೊಡೆಸಂದಿನ ಕೆಂಪಿಗೆ ಧಾರಾಳವಾಗಿ ಹಚ್ಚುತ್ತಿದ್ದರು. ಗಟ್ಟಿ ಚರ್ಮದ ಮೂಲಕ ಹೆಚ್ಚು ಒಳಹೋಗುವುದಿಲ್ಲ. ಸುಲಿದ ಚರ್ಮವಾದರೆ ನೇರವಾಗಿ ರಕ್ತಕ್ಕೆ. ಹಾಗೆ ಎಷ್ಟೋ ಶಿಶುಗಳು ಸತ್ತ ಮೇಲೆ ಆ ಬಳಕೆ ನಿಂತಿತು.

1964ರಲ್ಲಿ ಕೆನಡಾದ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವರದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನವಜಾತ ಶಿಶುಗಳ ಹಾಲಿನ ಪುಡಿ ಕಲಸಲು ಬರೀ ನೀರೆಂದುಕೊಂಡು ಬೋರಿಕ್ ದ್ರಾವಣ ಬಳಸಿಬಿಟ್ಟಿದ್ದರು. ಹನ್ನೊಂದು ಶಿಶುಗಳಲ್ಲಿ ಐದು ಉಳಿಯಲಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಚುರುಕ್ಕೆನ್ನುವ ರುಚಿಯೂ ಇಲ್ಲ. ಜಿರಳೆಗೆ ಗೊತ್ತಾಗದಂತೆ ಹೊಟ್ಟೆ ಸೇರುವ ಗುಣವೇ ಮನುಷ್ಯನ ಮಟ್ಟಿಗೂ ಅಪಾಯ.

ಎರಡನೇ_ಮಹಡಿ
ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಬೋರಿಕ್ ಪುಡಿಯ ಪೊಟ್ಟಣ ಹರಿದಿತ್ತು. ಉಳಿದದ್ದನ್ನು ಖಾಲಿ ಡಬ್ಬಿಗೆ ತುಂಬಿ ಕಪಾಟಿನ ಮೇಲಿನ ಸಾಲಿನಲ್ಲಿ ಇಟ್ಟಿದ್ದೆ. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ನಾನು ಊರಿನಲ್ಲಿ ಇಲ್ಲದಾಗ ನನ್ನ ತಮ್ಮ ಅದನ್ನು ಹಿಟ್ಟೆಂದು ತಿಳಿದು ಅಡುಗೆಗೆ ಬಳಸಿದ. ಸಂಜೆಗೆ ವಾಂತಿ ಶುರುವಾಯಿತು. ಅಡುಗೆ ಕೆಟ್ಟಿತ್ತು ಎಂದುಕೊಂಡು ಮಲಗಿದ. ರಾತ್ರಿ ನಾನು ಫೋನ್ ಮಾಡಿದಾಗ ಮಾತಿನ ನಡುವೆ ಡಬ್ಬಿಯ ವಿಷಯ ಬಂತು. ನನ್ನ ಕೈಕಾಲು ತಣ್ಣಗಾದವು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿ ಮೂತ್ರದ ಪ್ರಮಾಣ ನೋಡುತ್ತಿದ್ದರು. ಬದುಕಿದ, ಚೆನ್ನಾಗಿದ್ದಾನೆ. ತಿಂದವನು ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ಹುಡುಗ. ಅದೇ ದಿನ ನನ್ನ ಎರಡು ವರ್ಷದ ಮಗ ಮನೆಯಲ್ಲಿದ್ದಿದ್ದರೆ ಎಂದು ಈಗಲೂ ನಿದ್ದೆಯಲ್ಲಿ ಎಚ್ಚರವಾಗುತ್ತದೆ.

ವಿಷದ ಪುಡಿಯನ್ನು ದಯವಿಟ್ಟು ಅದು ಬಂದ ಪೊಟ್ಟಣದಿಂದ ಬೇರೆ ಡಬ್ಬಿಗೆ ಹಾಕಬೇಡಿ. ಅಡುಗೆಮನೆಯಲ್ಲಿ ಇಡಲೇಬೇಡಿ.

ಮಕ್ಕಳ_ವಾರ್ಡು
ಬರೆದದ್ದು ಒಳ್ಳೆಯದಾಯಿತು. ಇದಕ್ಕೆ ಸೇರಿಸುವುದು ಇಷ್ಟು: ಯಾರಾದರೂ ನುಂಗಿದ್ದಾರೆ ಎಂದು ಅನುಮಾನ ಬಂದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಯೊಳಗೆ ಉಳಿದದ್ದನ್ನು ಒರೆಸಿ ತೆಗೆದು, ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಬಿಳಿ ಪುಡಿ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಪೊಟ್ಟಣದ ಮೇಲಿನ ಹೆಸರೇ ಅರ್ಧ ಚಿಕಿತ್ಸೆ. ಲಕ್ಷಣ ಕಾಣಿಸಿಕೊಳ್ಳಲಿ ಎಂದು ಮನೆಯಲ್ಲಿ ಕಾಯುವುದೂ ತಪ್ಪು, ಕೆಲವು ಲಕ್ಷಣಗಳು ಮರುದಿನವಷ್ಟೇ ತೋರುತ್ತವೆ.

ಹೊಸಮನೆ_ತಾಯಿ
ಓದುತ್ತಾ ಓದುತ್ತಾ ಎದೆ ಹೊಡೆದುಕೊಳ್ಳತೊಡಗಿತು. ಮಗಳನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿದ್ದೇನೆ. ಅವಳಿಗೆ ಯಾವ ಲಕ್ಷಣವೂ ಇಲ್ಲ, ಆಡುತ್ತಿದ್ದಾಳೆ. ಆದರೂ ನಾಳೆ ವೈದ್ಯರಿಗೆ ತೋರಿಸುತ್ತೇನೆ. ಸುರಿದ ಪುಡಿಯನ್ನು ತೆಗೆಯುವುದು ಹೇಗೆ? ಪೊರಕೆಯಲ್ಲಿ ಗುಡಿಸಿದರೆ ಸಾಕೇ?

ಸಂದುಗೊಂದು
ಮೊದಲು ಕ್ಷಮಿಸಿ. ನೀವು ಮಗುವಿನ ವಿಷಯ ಸ್ಪಷ್ಟವಾಗಿ ಬರೆದಿದ್ದಿರಿ, ನಾನು ಜಿರಳೆಯ ಬಗ್ಗೆಯೇ ಉತ್ತರಿಸಿ ಮತ್ತೆ ತೆಳುವಾಗಿ ಹಾಕಿ ಎಂದುಬಿಟ್ಟೆ. ತೆರೆದ ನೆಲದ ಮೇಲೆ ತೆಳುವಾಗಿಯೂ ಹಾಕಬಾರದು.

ಪೊರಕೆ ಬೇಡ, ಧೂಳೆದ್ದು ಮೂಗಿಗೆ ಹೋಗುತ್ತದೆ. ಮೂಗು ಬಾಯಿಗೆ ಮಾಸ್ಕ್, ಕೈಗೆ ಗವಸು ಹಾಕಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ರಾಶಿಯನ್ನು ಒಳಮುಖವಾಗಿ ಬಳಿದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಕಸಕ್ಕೆ ಕೊಡಿ. ಬೋರಿಕ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಎರಡು ಮೂರು ಬಾರಿ ಹೊಸ ನೀರಿನಲ್ಲಿ ನೆಲ ಒರೆಸಿದರೆ ಉಳಿಯುವುದಿಲ್ಲ. ಒರೆಸಿದ ನೀರನ್ನು ಕುಂಡದ ಗಿಡಗಳಿಗೆ ಸುರಿಯಬೇಡಿ, ಬೋರಾನ್ ಹೆಚ್ಚಾದರೆ ಗಿಡದ ಎಲೆಯಂಚು ಸುಟ್ಟು ಒಣಗುತ್ತದೆ.

ಇರುವೆಸಾಲು
ಜಿರಳೆಯ ಮಾತಿನ ನಡುವೆ ಇರುವೆ ತರುತ್ತಿರುವುದಕ್ಕೆ ಬೇಸರಿಸಬೇಡಿ. ನಿಧಾನ ವಿಷದ ನಿಜವಾದ ಬೆರಗು ಕಾಣುವುದು ಇರುವೆಯಲ್ಲಿ. ಆಹಾರ ಹುಡುಕಿ ಹೊರಗೆ ಬರುವುದು ಗೂಡಿನ ಒಂದು ಚಿಕ್ಕ ಪಾಲು ಮಾತ್ರ. ರಾಣಿ ಎಂದೂ ಹೊರಬರುವುದಿಲ್ಲ. ಹೊರಗೆ ಬಂದ ಇರುವೆ ಸಿಹಿ ದ್ರವವನ್ನು ಹೊಟ್ಟೆಯ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ಬಾಯಿಗೆ ಬಾಯಿ ಇಟ್ಟು ಇನ್ನೊಂದಕ್ಕೆ ಉಣಿಸುತ್ತದೆ. ಅದು ಮತ್ತೊಂದಕ್ಕೆ, ಹೀಗೆ ಕೊನೆಗೆ ರಾಣಿಗೂ ಮರಿಹುಳುಗಳಿಗೂ ತಲುಪುತ್ತದೆ. ಈ ಸರಪಳಿ ಪೂರ್ತಿಯಾಗುವವರೆಗೆ ಹೊತ್ತು ತರುವ ಇರುವೆ ಬದುಕಿರಬೇಕು. ಆದ್ದರಿಂದ ಆಮಿಷ ಇಟ್ಟ ಮೊದಲ ದಿನ ಇರುವೆಗಳ ಸಾಲು ಇನ್ನೂ ದಪ್ಪವಾಗುತ್ತದೆ. ಜನ ಅದನ್ನು ನೋಡಿ ಗಾಬರಿಯಾಗಿ ಸ್ಪ್ರೇ ಹೊಡೆದುಬಿಡುತ್ತಾರೆ. ಅಲ್ಲಿಗೆ ಮಾಡಿದ್ದೆಲ್ಲ ಹಾಳು.

ಅಜ್ಜನ_ಕಪಾಟು
ಸಕ್ಕರೆ ಅರ್ಧ, ಬೋರಿಕ್ ಅರ್ಧ ಕಲಸಿ ಇಡುವುದು ನಮ್ಮ ಮನೆಯ ಪದ್ಧತಿ. ಇರುವೆ ತಕ್ಷಣ ಸಾಯುತ್ತದೆ.

ಇರುವೆಸಾಲು
ತಕ್ಷಣ ಸಾಯುತ್ತದೆ, ಅದೇ ತೊಂದರೆ. ಅರ್ಧಕ್ಕರ್ಧ ಬೆರೆಸಿದರೆ ಹೊರಗೆ ಬಂದವು ಗೂಡು ಸೇರುವ ಮೊದಲೇ ಸಾಯುತ್ತವೆ, ಇಲ್ಲವೇ ರುಚಿ ನೋಡಿ ದೂರ ಸರಿಯುತ್ತವೆ. ರಾಣಿ ಒಳಗೆ ಮೊಟ್ಟೆ ಇಡುತ್ತಲೇ ಇರುತ್ತದೆ. ಸಂಶೋಧಕರು ಪರೀಕ್ಷಿಸಿ ಚೆನ್ನಾಗಿದೆ ಎಂದ ಪ್ರಮಾಣ ಶೇ 1ರ ಆಸುಪಾಸು, ಅಂದರೆ ನೂರು ಮಿಲಿಲೀಟರ್ ಸಕ್ಕರೆ ನೀರಿಗೆ ಒಂದು ಗ್ರಾಂ. ಅದನ್ನೂ ತೆರೆದ ಬಟ್ಟಲಿನಲ್ಲಿ ಇಡಬಾರದು, ಮಕ್ಕಳಿಗೆ ಅದು ಸಿಹಿ ನೀರು. ಮುಚ್ಚಳ ಭದ್ರವಾಗಿರುವ, ಇರುವೆ ಮಾತ್ರ ನುಸುಳುವಷ್ಟು ತೂತಿರುವ ಡಬ್ಬಿಯಲ್ಲಿ, ಎತ್ತರದಲ್ಲಿ ಇಡಿ.

ಫರೋ ಇರುವೆ ಎಂಬ ಅತಿ ಚಿಕ್ಕ ಹಳದಿ ಇರುವೆಯಿದೆ. ಅದಕ್ಕೆ ಸ್ಪ್ರೇ ಹೊಡೆದರೆ ಗೂಡು ಒಡೆದು ಹಲವು ರಾಣಿಗಳು ಹಲವು ದಿಕ್ಕಿಗೆ ಪರಿವಾರ ಕಟ್ಟಿಕೊಂಡು ಹೋಗುತ್ತವೆ. ಒಂದು ಗೂಡು ಇದ್ದ ಕಡೆ ಐದಾರು ಆಗುತ್ತವೆ. ನೇರನುಡಿ ಅವರು ಇದನ್ನು ಗಮನಿಸಬೇಕು.

ನೇರನುಡಿ
ಗಮನಿಸಿದೆ. ಇರುವೆಯ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಮಗುವಿರುವ ಮನೆಯಲ್ಲಿ ಜಿರಳೆ ಇರುವುದೂ ಸಣ್ಣ ಮಾತಲ್ಲ. ಜಿರಳೆಯ ಹಿಕ್ಕೆ, ಪೊರೆಯ ಚೂರು ಗಾಳಿಯಲ್ಲಿ ಸೇರಿ ಮಕ್ಕಳಿಗೆ ಅಸ್ತಮಾ ಹೆಚ್ಚಿಸುತ್ತದೆ. ನನ್ನ ಅಕ್ಕನ ಮಗ ಅದನ್ನು ಅನುಭವಿಸಿದ್ದಾನೆ. ನಾನು ಅವಸರ ಪಡುವುದು ಅದಕ್ಕೇ.

ಮಕ್ಕಳ_ವಾರ್ಡು
ನಿಮ್ಮ ಮಾತು ನಿಜ, ಜಿರಳೆಯನ್ನು ಹಾಗೇ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಹೊಡೆದರೆ ಅದೇ ಮಗುವಿನ ಉಸಿರು ಕಟ್ಟುತ್ತದೆ. ಅಸ್ತಮಾ ಇರುವ ಮನೆಗೆ ವಾಸನೆಯಿಲ್ಲದ ಜೆಲ್ ಆಮಿಷವೇ ಮೇಲು.

ಬೆಕ್ಕಿನಮ್ಮ
ಬೆಕ್ಕಿರುವ ಮನೆಯಲ್ಲಿ? ನನ್ನ ಎರಡೂ ಬೆಕ್ಕುಗಳು ಫ್ರಿಜ್ಜಿನ ಹಿಂದೆಯೇ ಮಲಗುತ್ತವೆ.

ಕೀಟಲೋಕ
ಬೆಕ್ಕೂ ಜಿರಳೆಯ ಹಾಗೆ ಮೈ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ. ಪಾದಕ್ಕೆ ಅಂಟಿದ ಪುಡಿ ನೇರ ಹೊಟ್ಟೆಗೆ ಹೋಗುತ್ತದೆ. ಆ ಜಾಗದಲ್ಲಿ ಪುಡಿ ಹಾಕಬೇಡಿ. ಇನ್ನೊಂದು ವಿಷಯ, ಪೈರೆಥ್ರಾಯ್ಡ್ ವರ್ಗದ ಪರ್ಮೆಥ್ರಿನ್ ಬೆಕ್ಕಿನ ಮಟ್ಟಿಗೆ ಬಹಳ ಅಪಾಯ. ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಾಕಿ ಸಾಯಿಸಿಕೊಂಡವರಿದ್ದಾರೆ. ಫಿಪ್ರೊನಿಲ್ ಹನಿಯನ್ನು ಬೆಕ್ಕು ನಾಯಿ ತಡೆದುಕೊಳ್ಳುತ್ತವೆ, ಮೊಲಕ್ಕೆ ಹಾಕಿದರೆ ಮೊಲ ಸಾಯಬಹುದು. ಒಂದು ಪ್ರಾಣಿಗೆ ಸರಿಹೋದದ್ದು ಇನ್ನೊಂದಕ್ಕೂ ಸರಿ ಎಂದು ಎಣಿಸಬಾರದು.

ಪುಸ್ತಕದ_ಹುಳು
ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳುವಿಗೂ ಬೋರಿಕ್ ನಡೆಯುತ್ತದೆಯೇ? ತಿಗಣೆಗೆ?

ಸಂದುಗೊಂದು
ಬೆಳ್ಳಿ ಹುಳುವಿಗೆ ನಡೆಯುತ್ತದೆ, ಕಪಾಟಿನ ಹಿಂದಿನ ಸಂದಿಗೆ ಹಾಕಿ. ತಿಗಣೆಗೆ ಹಾಕಿ ಪ್ರಯೋಜನವಿಲ್ಲ. ಅದು ರಕ್ತ ಮಾತ್ರ ಹೀರುತ್ತದೆ, ಜಿರಳೆಯಂತೆ ಕಾಲು ನೆಕ್ಕುವುದಿಲ್ಲ, ಪುಡಿ ಹೊಟ್ಟೆ ಸೇರುವ ದಾರಿಯೇ ಇಲ್ಲ. ಹಾಸಿಗೆಯ ಮೇಲೆ ಬೋರಿಕ್ ಉದುರಿಸುವವರನ್ನು ಕಂಡಿದ್ದೇನೆ, ತಿಗಣೆಗೆ ಏನೂ ಆಗದೆ ಮಲಗುವವರು ಅದನ್ನು ಉಸಿರಾಡುತ್ತಾರೆ.

ಮರಗೆಲಸ
ಗೆದ್ದಲಿನ ಕಥೆಯೂ ಇದೇ. ಗೆದ್ದಲು ಹತ್ತಿದ ಕಿಟಕಿ ಚೌಕಟ್ಟಿಗೆ ಸೀಮೆಎಣ್ಣೆ ಬಳಿದರೆ ಅಲ್ಲಿದ್ದವು ಸಾಯುತ್ತವೆ, ಗೂಡು ಮಣ್ಣಿನಡಿ ಹಾಯಾಗಿರುತ್ತದೆ. ಈಗ ಬರುವ ಆಮಿಷಗಳಲ್ಲಿ ಹೆಕ್ಸಾಫ್ಲುಮುರಾನ್‌ನಂತಹ ವಸ್ತು ಇರುತ್ತದೆ. ಅದು ನೇರವಾಗಿ ಕೊಲ್ಲುವುದೇ ಇಲ್ಲ. ಗೆದ್ದಲು ಪೊರೆ ಕಳಚಿ ಹೊಸ ಹೊರಕವಚ ಕಟ್ಟಿಕೊಳ್ಳುವಾಗ ಆ ಕವಚ ಕೂಡದಂತೆ ಮಾಡುತ್ತದೆ. ಪೊರೆ ಬಿಡುವ ಸಮಯ ಒಂದೊಂದಕ್ಕೂ ಬೇರೆ ಬೇರೆ, ಆದ್ದರಿಂದ ಗೂಡು ನೆಲಕಚ್ಚಲು ತಿಂಗಳುಗಳೇ ಹಿಡಿಯುತ್ತವೆ. ಮನುಷ್ಯನ ಮೈಯಲ್ಲಿ ಅಂತಹ ಕವಚ ಇಲ್ಲದ್ದರಿಂದ ಆ ಮಟ್ಟಿಗೆ ನಮಗೆ ಅಪಾಯ ಕಡಿಮೆ. ಹೊಸ ಮರಕ್ಕೆ ಬೋರಿಕ್‌ನ ಬಳಗದ ಬೋರೇಟ್ ಲವಣದ ದ್ರಾವಣ ಕುಡಿಸಿ ಒಣಗಿಸುವ ಕ್ರಮವೂ ಇದೆ. ಒಳಾಂಗಣದ ಮರಕ್ಕೆ ಚೆನ್ನಾಗಿ ಬಾಳುತ್ತದೆ, ಮಳೆಗೆ ಒಡ್ಡಿದರೆ ತೊಳೆದು ಹೋಗುತ್ತದೆ.

ಬಿಡುವಿನ_ವೇಳೆ
ನಾವೂ ಜೆಲ್ ಹಚ್ಚಿದೆವು, ಮೊದಲ ಸಲ ಅದ್ಭುತ, ಎರಡನೇ ಸಲ ಜಿರಳೆ ಮೂಸಿಯೂ ನೋಡಲಿಲ್ಲ. ನಕಲಿ ಮಾಲು ಎನಿಸಿತು.

ಕೀಟಲೋಕ
ನಕಲಿಯೇ ಆಗಿರಬೇಕೆಂದಿಲ್ಲ. ಸ್ಪ್ರೇ ಹೊಡೆದ ಜಾಗದಲ್ಲಿ ಜೆಲ್ ಹಚ್ಚಿದರೆ ಜಿರಳೆ ಅದರ ಹತ್ತಿರ ಬರುವುದಿಲ್ಲ, ಜೆಲ್ ಒಣಗಿ ಗಟ್ಟಿಯಾದರೂ ತಿನ್ನುವುದಿಲ್ಲ. ಇವೆರಡೂ ಇಲ್ಲದಿದ್ದರೆ ಇನ್ನೊಂದು ಕಾರಣ ಇರಬಹುದು. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಜೆಲ್‌ಗಳಲ್ಲಿ ಆಕರ್ಷಣೆಗೆ ಗ್ಲೂಕೋಸ್ ಬೆರೆಸುತ್ತಿದ್ದರು. ಗ್ಲೂಕೋಸನ್ನು ಇಷ್ಟಪಟ್ಟ ಜಿರಳೆಗಳೆಲ್ಲ ತಿಂದು ಸತ್ತವು. ಎಲ್ಲೋ ಒಂದೆರಡಕ್ಕೆ ಹುಟ್ಟಿನಿಂದಲೇ ಅದು ಹಿಡಿಸುತ್ತಿರಲಿಲ್ಲ, ಅವು ಉಳಿದು ಮರಿ ಮಾಡಿದವು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇದನ್ನು ಗುರುತಿಸಿದರು. 2013ರಲ್ಲಿ ಕಾರಣವೂ ತಿಳಿಯಿತು: ಈ ಜಿರಳೆಗಳ ಬಾಯಲ್ಲಿ ಕಹಿಯನ್ನು ಗುರುತಿಸುವ ನರಕೋಶಗಳೇ ಗ್ಲೂಕೋಸಿಗೂ ಮಿಡಿಯುತ್ತವೆ. ನಮಗೆ ಸಿಹಿ, ಅದಕ್ಕೆ ಕಹಿ! ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಬೇರೆ ಆಮಿಷ, ಬೇರೆ ವಿಷ ಇರುವ ಜೆಲ್‌ಗೆ ಬದಲಾಯಿಸಿ.

ಹಸಿರುದಾರಿ
ಉಪ್ಪಿನ ಹೋಲಿಕೆಯ ಬಗ್ಗೆ ನಾನೇ ಹುಡುಕಿ ಓದಿದೆ. ಬೋರಿಕ್ ಆಮ್ಲವನ್ನು ಸಂತಾನಶಕ್ತಿಗೆ, ಗರ್ಭದ ಶಿಶುವಿಗೆ ಹಾನಿಕರವಾಗಬಲ್ಲ ವಸ್ತುಗಳ ವರ್ಗದಲ್ಲಿ ಯುರೋಪಿನವರು ಇಟ್ಟಿದ್ದಾರೆ. 2010ರಲ್ಲಿ ಅತಿ ಕಳವಳಕಾರಿ ವಸ್ತುಗಳ ಪಟ್ಟಿಗೂ ಸೇರಿಸಿದ್ದಾರೆ. ಪ್ರಾಣಿಗಳಿಗೆ ಹೆಚ್ಚು ಪ್ರಮಾಣ ಕೊಟ್ಟಾಗ ಕಂಡದ್ದು ಅದು, ಆದರೂ ಅಡುಗೆ ಉಪ್ಪು ಆ ಪಟ್ಟಿಯಲ್ಲಿಲ್ಲ. ಆ ಹೋಲಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಪುಡಿ ಹಾಕುವ ಕೆಲಸ ಅವರು ಮಾಡದಿರಲಿ.

ಹೊಸಮನೆ_ತಾಯಿ
ಐದು ವಾರದ ನಂತರ ಬರೆಯುತ್ತಿದ್ದೇನೆ. ವೈದ್ಯರು ಮಗಳನ್ನು ನೋಡಿದರು, ಏನೂ ತೊಂದರೆಯಿಲ್ಲ. ನೆಲದ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ತೆಗೆದು ಮೂರು ಸಲ ಒರೆಸಿದೆವು. ಪೊಟ್ಟಣವನ್ನು ಮನೆಯವರು ಅಟ್ಟದ ಮೇಲೆ ಬೀಗವಿರುವ ಪೆಟ್ಟಿಗೆಗೆ ಹಾಕಿದ್ದಾರೆ.

ಸಿಂಕಿನ ಕೆಳಗೆ ಸೋರುತ್ತಿದ್ದ ಕೊಳವೆಯನ್ನು ರಿಪೇರಿ ಮಾಡಿಸಿದೆವು. ಕೊಳವೆ ಗೋಡೆಯೊಳಗೆ ಹೋಗುವ ತೂತಿನ ಸುತ್ತ ಕೈತೂರಿಸುವಷ್ಟು ಬಿರುಕಿತ್ತು, ಅವು ಬರುತ್ತಿದ್ದುದು ಅಲ್ಲಿಂದಲೇ. ಅದರೊಳಗೆ ಸ್ವಲ್ಪ ಬೋರಿಕ್ ಪುಡಿ ಊದಿ ಸಿಮೆಂಟಿನಿಂದ ಮುಚ್ಚಿದರು. ಕಪಾಟಿನ ಕೀಲುಗಳ ಹಿಂದೆ, ಫ್ರಿಜ್ಜಿನ ಮೋಟಾರಿನ ಹತ್ತಿರ ಜೆಲ್ ಚುಕ್ಕೆಗಳನ್ನು ಇಟ್ಟೆ. ಎಣಿಸಲೆಂದು ಮೂರು ಅಂಟುಹಲಗೆಗಳನ್ನು ಮಗಳ ಕೈಗೆಟಕದ ಕಡೆ ಇಟ್ಟಿದ್ದೆ. ಮೊದಲ ವಾರ 41 ಸಿಕ್ಕಿದವು, ಎರಡನೆಯ ವಾರ 26. ಮೂರನೆಯ ವಾರ ಬರೀ ಮರಿಗಳೇ 19, ಆಗ ಮತ್ತೆ ಹೆದರಿಕೆಯಾಯಿತು. ಕೀಟಲೋಕ ಅವರು ಮೊಟ್ಟೆಚೀಲದ ಬಗ್ಗೆ ಬರೆದದ್ದು ನೆನಪಾಗಿ ಸ್ಪ್ರೇಗೆ ಕೈ ಹಾಕಲಿಲ್ಲ. ಹೋದ ವಾರ 4, ಈ ವಾರ ಇದುವರೆಗೆ 1.

ಕೀಟಲೋಕ
ಹಲಗೆಗಳನ್ನು ತೆಗೆಯಬೇಡಿ. ಜೆಲ್ ಚುಕ್ಕೆಗಳು ಒಣಗಿವೆಯೇ ಎಂದು ಒಮ್ಮೆ ನೋಡಿ, ಒಣಗಿದ್ದರೆ ಹೊಸದು ಹಚ್ಚಿ. ಇನ್ನೂ ಎರಡು ತಿಂಗಳು ಎಣಿಸುತ್ತಿರಿ.

ನೇರನುಡಿ
ಮಗಳು ಚೆನ್ನಾಗಿದ್ದಾಳೆ ಎಂದು ಓದಿ ಸಮಾಧಾನವಾಯಿತು. ಅಕ್ಕನ ಮನೆಗೂ ಜೆಲ್ ಹಚ್ಚಲು ಹೇಳಿದ್ದೇನೆ. ಅವರ ಅಡುಗೆಮನೆಯಲ್ಲಿ ಮೊನ್ನೆಯಷ್ಟೇ ಸ್ಪ್ರೇ ಹೊಡೆದಿದ್ದಾರೆ, ಎಷ್ಟು ದಿನ ಬಿಟ್ಟು ಜೆಲ್ ಇಡಬೇಕು?

ಸಂದುಗೊಂದು
ಸ್ಪ್ರೇ ಬಿದ್ದ ಜಾಗಗಳನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ಒರೆಸಲು ಹೇಳಿ. ಜೆಲ್ ಇಡುವುದು ಸ್ಪ್ರೇ ತಾಗದ ಹೊಸ ಸಂದುಗಳಲ್ಲಿ, ಇಂದೇ ಶುರು ಮಾಡಬಹುದು.